ನೀತಿ ಸಾಕು, ಮುಂದಿನ ಪುಸ್ತಕ ಕೊಡಿ

ಮಕ್ಕಳ ಸಾಹಿತ್ಯದ ಯಾವ ಗೋಷ್ಠಿಗೆ ಹೋದರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ಈಗಿನ ಮಕ್ಕಳು ಓದುವುದಿಲ್ಲ. ಹೇಳುವವರು ಸಾಮಾನ್ಯವಾಗಿ ಅರವತ್ತು ದಾಟಿದವರು. ಸಭೆಯಲ್ಲಿ ಮಕ್ಕಳಿರುವುದಿಲ್ಲ; ಇದ್ದರೂ ಪ್ರಾರ್ಥನೆ ಹಾಡಿ ಹಿಂದಿನ ಸಾಲಿಗೆ ಹೋಗಿ ಕೂತಿರುತ್ತಾರೆ. ಆಮೇಲೆ ಮೊಬೈಲಿಗೆ ಬೈಗುಳ, ಇಂಗ್ಲಿಷ್ ಮಾಧ್ಯಮಕ್ಕೆ ಬೈಗುಳ, ಕಥೆ ಹೇಳದ ತಾಯಂದಿರಿಗೆ ಬೈಗುಳ, ಕೊನೆಗೆ ವಂದನಾರ್ಪಣೆ. ಮಕ್ಕಳು ಓದುವುದಿಲ್ಲ ಎಂದು ದೂರುವ ಮೊದಲು, ಎಂಟು ವರ್ಷದ ಮಗುವಿನ ಕೈಗೆ ಕನ್ನಡದಲ್ಲಿ ನಾವು ಏನು ಕೊಟ್ಟಿದ್ದೇವೆ ಎಂಬ ಲೆಕ್ಕವನ್ನು ಒಮ್ಮೆಯಾದರೂ ತೆಗೆಯಬೇಡವೇ?

ಹಾಡಿನ ಲೆಕ್ಕದಲ್ಲಿ ನಾವು ಸಿರಿವಂತರು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ, ಶಿಶು ಸಂಗಮೇಶ, ನಮ್ಮ ಕಾಲದ ಎಚ್.ಎಸ್. ವೆಂಕಟೇಶಮೂರ್ತಿ. ಅಕ್ಷರ ಕಲಿಯುವ ಮುನ್ನವೇ ಮಗುವಿನ ನಾಲಿಗೆ ಮೇಲೆ ಹತ್ತಾರು ಪದ್ಯಗಳು ಕುಣಿಯುತ್ತಿರುತ್ತವೆ. ಚಿತ್ರಪುಸ್ತಕದ ಲೆಕ್ಕವೂ ಈ ಇಪ್ಪತ್ತು ವರ್ಷಗಳಲ್ಲಿ ಸುಧಾರಿಸಿದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮೊದಲಿನಿಂದಲೂ ಇತ್ತು. 2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಶುರುವಾಯಿತು, 2015ರಲ್ಲಿ ಅದರ ಸ್ಟೋರಿವೀವರ್ ಜಾಲತಾಣ ಬಂತು. ಅಲ್ಲಿ ಕನ್ನಡದ ಕಥೆಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಬಹುದು. ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ: ಮೊದಲ ಹಂತದ್ದು 250 ಪದಗಳೊಳಗೆ, ಮೂರನೆಯದು 1500 ಪದಗಳವರೆಗೆ. ಇದು ಸಣ್ಣ ಕೆಲಸವಲ್ಲ.

ಆ ಕಡೆಯ ತುದಿಯಲ್ಲಿ, ಹದಿಮೂರು ಹದಿನಾಲ್ಕು ವರ್ಷ ತುಂಬಿದ ಹುಡುಗ ಹುಡುಗಿಯರಿಗೆ ಪೂರ್ಣಚಂದ್ರ ತೇಜಸ್ವಿ ಕಾಯುತ್ತಿರುತ್ತಾರೆ. ‘ಪರಿಸರದ ಕತೆ’ ಕೈಗೆ ಸಿಕ್ಕವರು ‘ಕರ್ವಾಲೊ’ಗೆ ಹೋಗುತ್ತಾರೆ, ಅಲ್ಲಿಂದ ಮಿಲನಿಯಂ ಸರಣಿಯ 16 ಪುಸ್ತಕಗಳಿಗೆ. ಅಲ್ಲಿಗೆ ತಲುಪಿದವರ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ನಡುವಿನ ದಾರಿಯ ಬಗ್ಗೆ. ಮೂರನೇ ತರಗತಿಯಿಂದ ಆರನೇ ತರಗತಿಯವರೆಗೆ, ಸುಮಾರು ಎಂಟರಿಂದ ಹನ್ನೊಂದು ವರ್ಷದವರೆಗೆ, ಕನ್ನಡದ ಮಗು ಏನನ್ನು ಓದುತ್ತಾ ಬೆಳೆಯಬೇಕು? ಚಿತ್ರಪುಸ್ತಕ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಕಾದಂಬರಿ ಹೆದರಿಸುತ್ತದೆ. ಅರವತ್ತು ಪುಟದ, ದಪ್ಪ ಅಕ್ಷರದ, ಅಧ್ಯಾಯಕ್ಕೊಂದು ಕಪ್ಪುಬಿಳುಪು ಚಿತ್ರವಿರುವ, ಒಂದೇ ಪಾತ್ರ ಹತ್ತಾರು ಪುಸ್ತಕಗಳಲ್ಲಿ ಓಡಾಡುವ ಕಥಾಸರಣಿ ಎಲ್ಲಿದೆ? ಅಲ್ಲಲ್ಲಿ ಕೆಲವರು ಪ್ರಯತ್ನಪಟ್ಟಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಯಾವ ಶಾಲೆಯಲ್ಲಿ ಹೆಸರು ಹೇಳಿದರೂ ಮಕ್ಕಳ ಕಣ್ಣು ಅರಳುವಂಥ ಒಬ್ಬ ಕನ್ನಡದ ಸರಣಿನಾಯಕನನ್ನೋ ನಾಯಕಿಯನ್ನೋ ತೋರಿಸಿ ನೋಡೋಣ. ಪುಸ್ತಕದಿಂದ ಬಂದವರಾಗಿರಬೇಕು, ಟೀವಿಯಿಂದ ಬಂದವರಲ್ಲ.

ಈ ವಯಸ್ಸಿನ ಮೇಲೇ ಯಾಕಿಷ್ಟು ಹಟ ಎಂದರೆ, ಓದು ಅಭ್ಯಾಸವಾಗುವುದೋ ತಪ್ಪಿಹೋಗುವುದೋ ಇಲ್ಲಿಯೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಇವತ್ತು ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳ ಪದ್ಧತಿ. ಕಾರ್ಡು, ಕಲಿಕಾ ಏಣಿ, ಹಾಡು, ಆಟ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಾಲ್ಕನೇ ತರಗತಿಗೆ ಬಂದಾಗ ಏಣಿ ಮುಗಿಯಿತು. ಮುಂದೆ ಪಾಠ, ಪಾಠದ ಕೊನೆಗೆ ಪದಗಳ ಅರ್ಥ, ಬಿಟ್ಟ ಸ್ಥಳ ತುಂಬಿರಿ, ಒಂದು ವಾಕ್ಯದಲ್ಲಿ ಉತ್ತರಿಸಿರಿ.

ಕನ್ನಡ ಅಕ್ಷರ ಕಲಿತವರೆಲ್ಲರಿಗೂ ಗೊತ್ತು, ವರ್ಣಮಾಲೆ ಕಲಿತ ಕೂಡಲೇ ಓದು ಬರುವುದಿಲ್ಲ. ಕಾಗುಣಿತ ಇದೆ, ಅದರಾಚೆ ಒತ್ತಕ್ಷರ ಇದೆ. ‘ಸ್ವಾತಂತ್ರ್ಯ’ ಎಂಬ ಪದದ ಮುಂದೆ ಮೂರನೇ ತರಗತಿಯ ಮಗು ಗಾಡಿ ನಿಲ್ಲಿಸಿಬಿಡುತ್ತದೆ. ಒಂದೊಂದು ಅಕ್ಷರವನ್ನೂ ಬಿಡಿಸಿ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ವಾಕ್ಯದ ಮೊದಲ ಪದ ಮರೆತಿರುತ್ತದೆ. ಈ ತೊಡಕು ಹೋಗಲು ಒಂದೇ ದಾರಿ: ತನಗೆ ಸುಲಭವಾದದ್ದನ್ನು ರಾಶಿ ರಾಶಿ ಓದಬೇಕು, ಕಣ್ಣಿಗೆ ಪದವೇ ಪರಿಚಿತ ಮುಖವಾಗಬೇಕು. ಸೈಕಲ್ ಕಲಿತ ಹುಡುಗಿ ಊರೆಲ್ಲ ಸುತ್ತಿದಂತೆ ಸುತ್ತಬೇಕು. ವರ್ಷಕ್ಕೆ ಇಪ್ಪತ್ತೋ ಇಪ್ಪತ್ತೈದೋ ಪಾಠಗಳ ಪುಸ್ತಕ ಆ ಸುತ್ತಾಟಕ್ಕೆ ಸಾಲುವುದಿಲ್ಲ. ಐದನೇ ತರಗತಿಯ ಎಷ್ಟು ಮಕ್ಕಳು ಎರಡನೇ ತರಗತಿಯ ಪಠ್ಯ ಓದಬಲ್ಲರು ಎಂಬ ಅಸರ್ ಸಮೀಕ್ಷೆಯ ಅಂಕಿ ಹೊರಬಂದಾಗಲೆಲ್ಲ ನಾವು ಮೇಷ್ಟರನ್ನು ಬೈಯುತ್ತೇವೆ. ಆ ಮಗುವಿಗೆ ಮನೆಯಲ್ಲಿ ಪಠ್ಯ ಬಿಟ್ಟು ಬೇರೆ ಯಾವ ಮುದ್ರಿತ ಹಾಳೆ ಸಿಕ್ಕಿತ್ತು ಎಂದು ಕೇಳುವುದಿಲ್ಲ.

ಸರಣಿಯ ಬಲ ಇರುವುದು ಇಲ್ಲಿಯೇ. ಹೊಸ ಪುಸ್ತಕ ಎಂದರೆ ಹೊಸ ಓದುಗನಿಗೆ ಹೊಸ ಊರು. ಯಾರು ಯಾರ ಮಗ, ಮನೆ ಎಲ್ಲಿದೆ, ನಾಯಿಯ ಹೆಸರೇನು, ಎಲ್ಲವನ್ನೂ ಮೊದಲಿನಿಂದ ತಿಳಿಯಬೇಕು. ಸರಣಿಯ ಎರಡನೇ ಪುಸ್ತಕ ಹಿಡಿದ ಮಗುವಿಗೆ ಅದು ಆಗಲೇ ಗೊತ್ತು. ಹೆಸರುಗಳು ಪರಿಚಿತ, ಬೀದಿ ಪರಿಚಿತ, ಯಾರು ಹೇಗೆ ಬೈಯುತ್ತಾರೆ ಎಂಬುದೂ ಪರಿಚಿತ. ಉಳಿದ ಶಕ್ತಿಯೆಲ್ಲ ಹೊಸ ಪದಗಳಿಗೆ, ಹೊಸ ತಿರುವಿಗೆ ಮೀಸಲು. ಮೂರನೆಯದನ್ನು ಇನ್ನೂ ಬೇಗ ಓದುತ್ತದೆ. ಐದನೆಯದು ಮುಗಿಯುವಷ್ಟರಲ್ಲಿ, ತಾನು ಓದಲು ಕಲಿಯುತ್ತಿದ್ದೇನೆ ಎಂಬುದೇ ಅದಕ್ಕೆ ಮರೆತುಹೋಗಿರುತ್ತದೆ. ‘ಮುಂದಿನದು ಯಾವಾಗ?’ ಎಂದು ಕೇಳುತ್ತದೆ. ಹಾಗೆ ಕೇಳಿದ ಮಗು ಓದುಗನಾಯಿತು ಎಂದೇ ಅರ್ಥ. ಒಂದು ಒಳ್ಳೆಯ ಪುಸ್ತಕವನ್ನು ಕೊಟ್ಟು ಕೈತೊಳೆದುಕೊಂಡರೆ ಆ ಪ್ರಶ್ನೆ ಹುಟ್ಟುವುದಿಲ್ಲ.

ಸರಣಿ ಎಂಬುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಶಿವರಾಮ ಕಾರಂತರು ಒಬ್ಬರೇ ಕೂತು ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ತಿಂಗಳಿಗೊಂದರಂತೆ 12 ಸಂಪುಟ. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ 7 ಸಂಪುಟ. ರಾಷ್ಟ್ರೋತ್ಥಾನದ ‘ಭಾರತ ಭಾರತಿ ಪುಸ್ತಕ ಸಂಪದ’ವಂತೂ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಐನೂರಕ್ಕೂ ಹೆಚ್ಚು ಕಿರುಹೊತ್ತಿಗೆಗಳನ್ನು ಹೊರತಂದಿತು. ಜೇಬಿನಲ್ಲಿ ಹಿಡಿಯುವ ಗಾತ್ರ, ಕೈಗೆಟಕುವ ಬೆಲೆ, ಒಂದೇ ರೀತಿಯ ಕಟ್ಟು. ಸರಣಿ ಹೇಗೆ ಮಾಡಬೇಕು, ಹೇಗೆ ಮಾರಬೇಕು ಎಂಬುದನ್ನು ಕನ್ನಡ ಅರ್ಧ ಶತಮಾನದ ಹಿಂದೆಯೇ ಮಾಡಿ ತೋರಿಸಿದೆ.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದೋ ಮಾಹಿತಿ, ಒಂದೋ ಮಹಾಪುರುಷರು, ಒಂದೋ ಬಿಡಿ ಕಥೆಗಳು. ಮಹಾಪುರುಷರ ಚರಿತ್ರೆಯಲ್ಲಿ ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಜಾಗ ಕಡಿಮೆ. ನಾಯಕ ಹುಟ್ಟುವಾಗಲೇ ದೊಡ್ಡವನು, ಬಾಲ್ಯದಲ್ಲೇ ಸತ್ಯ ಹೇಳುತ್ತಾನೆ, ಕೊನೆಗೆ ತೀರಿಕೊಳ್ಳುತ್ತಾನೆ. ಮಗು ಅದನ್ನು ಭಾಷಣ ಸ್ಪರ್ಧೆಗೆ ಓದುತ್ತದೆ, ಬಹುಮಾನವಾಗಿ ಸ್ಟೀಲ್ ಲೋಟವನ್ನೋ ಅಂಥದ್ದೇ ಇನ್ನೊಂದು ಪುಸ್ತಕವನ್ನೋ ಪಡೆಯುತ್ತದೆ. ಅಂಥ ಪುಸ್ತಕಗಳು ಬೇಡ ಎಂದು ನಾನು ಹೇಳುತ್ತಿಲ್ಲ, ಅವಷ್ಟೇ ಸಾಕು ಎಂದುಕೊಂಡದ್ದಕ್ಕೆ ನನ್ನ ಆಕ್ಷೇಪ. ಮತ್ತೊಂದು ಬಗೆಯ ಪುಸ್ತಕ ನಮ್ಮ ಮಳಿಗೆಗಳನ್ನು ತುಂಬಿಕೊಂಡಿದೆ: ನೀತಿಕಥೆ. ನೂರಾ ಒಂದು ನೀತಿಕಥೆಗಳು, ಆಯ್ದ ನೀತಿಕಥೆಗಳು, ಸಚಿತ್ರ ನೀತಿಕಥೆಗಳು. ಕಥೆ ಮುಗಿದ ಕೂಡಲೇ ಚೌಕಟ್ಟಿನೊಳಗೆ ದಪ್ಪ ಅಕ್ಷರದಲ್ಲಿ ‘ನೀತಿ’ ಕೂತಿರುತ್ತದೆ. ಹೋಳಿಗೆ ಬಡಿಸಿ, ಇದು ಸಿಹಿಯಾಗಿದೆ ಎಂದು ಎಲೆಯ ಮೇಲೆ ಚೀಟಿ ಅಂಟಿಸಿದಂತೆ. ಮಗು ಚೀಟಿಯನ್ನು ಓದುವುದಿಲ್ಲ. ಚೀಟಿ ಇರುವ ಕಡೆ ಇನ್ನೊಮ್ಮೆ ಬರುವುದೂ ಇಲ್ಲ.

ಕನ್ನಡಿಗರನ್ನು ನಿಜಕ್ಕೂ ಓದುಗರನ್ನಾಗಿ ಮಾಡಿದ್ದು ಯಾವುದು ಎಂದು ಹಿರಿಯರೇ ಎದೆ ಮುಟ್ಟಿಕೊಂಡು ಹೇಳಲಿ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಶುರುವಾಗಿ, ಬೇಗನೆ ಕನ್ನಡಕ್ಕೂ ಬಂದ ‘ಚಂದಮಾಮ’ದ ಬೇತಾಳ ಕಥೆ ಅಪ್ಪಟ ಸರಣಿ. ಪ್ರತಿ ತಿಂಗಳೂ ಅದೇ ಮರ, ಅದೇ ಹೆಣ, ಅದೇ ಹಟಮಾರಿ ರಾಜ, ಶಂಕರ್ ಅವರ ಕುಂಚದಲ್ಲಿ ಅದೇ ಚಿತ್ರ. ಮೊದಲ ಸಾಲುಗಳು ಮಕ್ಕಳಿಗೆ ಬಾಯಿಪಾಠ. ಇನ್ನೊಂದು ವಿಷಯ ಗಮನಿಸಿ: ಬೇತಾಳ ಕೊನೆಗೆ ನೀತಿ ಹೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿತ್ತು. ರಾಜನ ಉತ್ತರ ಓದುವ ಮೊದಲು ಮಗು ತನ್ನದೊಂದು ಉತ್ತರ ಇಟ್ಟುಕೊಂಡಿರುತ್ತಿತ್ತು. ಎಷ್ಟೋ ಸಲ ರಾಜನದಕ್ಕಿಂತ ತನ್ನದೇ ಸರಿ ಎನ್ನಿಸುತ್ತಿತ್ತು.

ಇನ್ನು ಎನ್. ನರಸಿಂಹಯ್ಯನವರು. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಅವರಿಗೆ ಕನ್ನಡ ವಿಮರ್ಶೆ ಸಿಕ್ಕಿದ ಸಣ್ಣ ಕುರ್ಚಿಯನ್ನೂ ಹಾಕಲಿಲ್ಲ. ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಒಳಗೆ ಅಡಗಿಸಿಟ್ಟುಕೊಂಡು ಓದಿದವರು ಆಮೇಲೆ ಭೈರಪ್ಪನವರನ್ನು ಓದಿದರು, ಅನಂತಮೂರ್ತಿಯವರನ್ನು ಓದಿದರು, ಮೇಷ್ಟರಾದರು, ಕೆಲವರು ವಿಮರ್ಶಕರೂ ಆದರು. ಹತ್ತಿದ ಏಣಿಯನ್ನು ಒದೆಯುವುದು ನಮ್ಮಲ್ಲಿ ಸುಸಂಸ್ಕೃತರ ಲಕ್ಷಣ. ತೇಜಸ್ವಿಯವರ ಜನಪ್ರಿಯತೆಯ ಗುಟ್ಟಿನಲ್ಲೂ ಸರಣಿಯ ಪಾಲಿದೆ. ಕಿವಿ ಎಂಬ ನಾಯಿ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಓಡಿಬಂದಾಗ ಓದುಗನಿಗೆ ಹಳೆಯ ಗೆಳೆಯ ಸಿಕ್ಕಷ್ಟು ಖುಷಿ. ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುವುದಿಲ್ಲ.

ನೆರೆಮನೆಯ ಕಡೆಗೂ ಸ್ವಲ್ಪ ನೋಡೋಣ. ಮರಾಠಿಯಲ್ಲಿ ಭಾ.ರಾ. ಭಾಗವತರು ಫಾಸ್ಟರ್ ಫೇಣೆ ಎಂಬ ಸಣಕಲು ಹುಡುಗನನ್ನು ಸೃಷ್ಟಿಸಿ ಪುಣೆಯ ಬೀದಿಗಳಲ್ಲಿ ಸೈಕಲ್ ಹತ್ತಿಸಿಬಿಟ್ಟರು. ಅವನ ಸಾಹಸಗಳು ಇಪ್ಪತ್ತು ಪುಸ್ತಕಗಳಷ್ಟಾದವು. 2017ರಲ್ಲಿ ಅವನ ಹೆಸರಿನಲ್ಲಿ ಸಿನಿಮಾ ಬಂದಾಗ ನೋಡಲು ಹೋದವರಲ್ಲಿ ತಲೆ ನರೆತವರೂ ಇದ್ದರು. ಬಂಗಾಳದಲ್ಲಿ ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯಿಂದ ಜಗತ್ತಿನ ಹೆಸರಾದ ಮೇಲೆ, ತಾತ ಉಪೇಂದ್ರಕಿಶೋರರು 1913ರಲ್ಲಿ ಹುಟ್ಟುಹಾಕಿದ್ದ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯನ್ನು 1961ರಲ್ಲಿ ಮತ್ತೆ ಶುರುಮಾಡಿದರು. 1965ರಲ್ಲಿ ಅದರಲ್ಲೇ ಫೆಲೂದಾ ಎಂಬ ಪತ್ತೇದಾರ ಹುಟ್ಟಿದ. ಕಥೆ ಹೇಳುವವನು ಅವನ ದಾಯಾದಿ ತಮ್ಮ, ತೋಪ್ಸೆ ಎಂಬ ಹುಡುಗ. ಅಂಥ ದೊಡ್ಡ ನಿರ್ದೇಶಕ ಬದುಕಿನ ಕೊನೆಯವರೆಗೂ ಆ ಸರಣಿ ಬರೆದರು. ಅದು ತಮ್ಮ ಘನತೆಗೆ ಕಡಿಮೆ ಎಂದು ಅವರಿಗೆ ಅನಿಸಲಿಲ್ಲ. ನಮ್ಮ ಘನತೆ ಮಾತ್ರ ಬಹಳ ಬೇಗ ಕಡಿಮೆಯಾಗುತ್ತದೆ.

ನಮ್ಮ ಪೇಟೆಯ ಮಕ್ಕಳು ಈ ಖಾಲಿ ಜಾಗವನ್ನು ತಾವೇ ತುಂಬಿಕೊಂಡಿದ್ದಾರೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಇಂಗ್ಲಿಷ್ ಶಾಲೆಯ ಮಕ್ಕಳ ಚೀಲದಲ್ಲಿ ಜೆರೊನಿಮೊ ಸ್ಟಿಲ್ಟನ್ ಎಂಬ ಇಟಲಿಯ ಪತ್ರಕರ್ತ ಇಲಿ ಇದೆ, ಅಮೆರಿಕದ ವಿಂಪಿ ಕಿಡ್ ಇದ್ದಾನೆ. ಸುಧಾಮೂರ್ತಿಯವರ ಅಜ್ಜಿ ಶಿಗ್ಗಾಂವಿಯಲ್ಲಿ ಕೂತು ಮೊಮ್ಮಕ್ಕಳಿಗೆ ಕಥೆ ಹೇಳಿದ್ದನ್ನು ಬೆಂಗಳೂರಿನ ಮಗು ಇಂಗ್ಲಿಷಿನಲ್ಲಿ ಓದುತ್ತದೆ. ಆ ಮಕ್ಕಳು ಓದುತ್ತಿಲ್ಲ ಎಂದು ಹೇಳುವ ಹಾಗಿಲ್ಲ, ಗಬಗಬ ಓದುತ್ತಿದ್ದಾರೆ. ಅವರಿಗೆ ಕನ್ನಡ ಎಂದರೆ ಪರೀಕ್ಷೆಯ ಒಂದು ವಿಷಯ, ಇಂಗ್ಲಿಷ್ ಎಂದರೆ ರಜೆ. ಹಳ್ಳಿಯ ಸರ್ಕಾರಿ ಶಾಲೆಯ ಮಗುವಿಗೆ ಆ ಇಲಿಯೂ ಇಲ್ಲ. ಭಾಷೆಯ ಅಳಿವು ಉಳಿವಿನ ಬಗ್ಗೆ ಠರಾವು ಪಾಸು ಮಾಡುವ ಸಮ್ಮೇಳನಗಳು ಈ ಎರಡು ಮಕ್ಕಳ ಬಗ್ಗೆ ಒಂದು ಗಂಟೆ ಯೋಚಿಸಿದರೆ ಉಪಕಾರ.

ಇದಕ್ಕೆ ಬರುವ ಆಕ್ಷೇಪ ಗೊತ್ತು: ಸರಣಿ ಎಂದರೆ ಅಚ್ಚಿನಲ್ಲಿ ಒತ್ತಿದ ಬೆಲ್ಲ, ಎಲ್ಲವೂ ಒಂದೇ ರುಚಿ, ಅದರಿಂದ ಅಭಿರುಚಿ ಕೆಡುತ್ತದೆ. ಬ್ರಿಟನ್ನಿನಲ್ಲೂ ಹೀಗೇ ಹೇಳಿದರು. ‘ಫೇಮಸ್ ಫೈವ್’ ಸರಣಿಯ 21 ಪುಸ್ತಕ ಬರೆದ ಎನಿಡ್ ಬ್ಲೈಟನ್ ಅವರನ್ನು ಬಿಬಿಸಿ ವರ್ಷಗಟ್ಟಲೆ ಹತ್ತಿರ ಸೇರಿಸಲಿಲ್ಲ. ಮಕ್ಕಳು ಮಾತ್ರ ದೂರವಿಡಲಿಲ್ಲ. ಬ್ಲೈಟನ್ ಬರಹದಲ್ಲಿ ವರ್ಣಭೇದದ, ವರ್ಗದ ಅಹಂಕಾರದ ಕಲೆಗಳಿವೆ, ಅದನ್ನು ಮುಚ್ಚಿಡಬೇಕಿಲ್ಲ. ಅದರಿಂದ ಕಲಿಯಬೇಕಾದ ಪಾಠ, ಸರಣಿಯನ್ನು ನಮ್ಮ ಅತ್ಯುತ್ತಮ ಬರಹಗಾರರೇ ಬರೆಯಬೇಕು ಎಂಬುದು. ಒಳ್ಳೆಯವರು ಬರೆಯದೆ ಬಿಟ್ಟ ಜಾಗಕ್ಕೆ ಯಾರೋ ಒಬ್ಬರು ಬಂದೇ ಬರುತ್ತಾರೆ. ಈಗಂತೂ ಬರಲು ಪುಸ್ತಕವೇ ಬೇಕಿಲ್ಲ, ಅರ್ಧ ನಿಮಿಷದ ವೀಡಿಯೊ ಸಾಕು. ಆ ವೀಡಿಯೊ ತಯಾರಿಸುವವನಿಗೆ ‘ಮುಂದಿನದು’ ಎಂಬುದರ ಬೆಲೆ ಚೆನ್ನಾಗಿ ಗೊತ್ತು. ಇನ್ನು ಮೌಲ್ಯದ ಮಾತು. ಗೆಳತಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದ ಪಾತ್ರದ ಜೊತೆ ಅರವತ್ತು ಪುಟ ಕಳೆದ ಮಗುವಿಗೆ ಸುಳ್ಳಿನ ಬಗ್ಗೆ ತಿಳಿಯುವಷ್ಟು, ‘ಸುಳ್ಳು ಹೇಳಬಾರದು’ ಎಂಬ ಚೌಕಟ್ಟು ನೋಡಿದ ಮಗುವಿಗೆ ತಿಳಿಯುವುದಿಲ್ಲ.

ತಪ್ಪು ಬರಹಗಾರರದ್ದಷ್ಟೇ ಅಲ್ಲ. ಮಕ್ಕಳ ಪುಸ್ತಕವನ್ನು ನಮ್ಮಲ್ಲಿ ಬರೆಯುವವರು ದೊಡ್ಡವರು, ಆಯ್ಕೆ ಮಾಡುವವರು ದೊಡ್ಡವರು, ಕೊಳ್ಳುವವರು ದೊಡ್ಡವರು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಸಂತೋಷ. ಆದರೆ ಪ್ರಶಸ್ತಿಗೆ ಬೇಕಾದದ್ದು ಮೂರು ಜನ ತೀರ್ಪುಗಾರರ ಮೆಚ್ಚುಗೆ. ಓದಿದ ಮಗು ಮುಂದಿನದನ್ನು ಕೇಳಿತೇ ಎಂದು ಯಾವ ಸಮಿತಿಯೂ ವಿಚಾರಿಸುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಮ್ಮ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಆ ಹಣದ ಸಗಟು ಖರೀದಿಯನ್ನೇ ನೆಚ್ಚಿಕೊಂಡು ಕನ್ನಡ ಪ್ರಕಾಶನದ ದೊಡ್ಡ ಪಾಲು ಉಸಿರಾಡುತ್ತಿದೆ. ಅಲ್ಲಿ ಒಂದೊಂದು ಶೀರ್ಷಿಕೆಯನ್ನೂ ಬಿಡಿಯಾಗಿ ನೋಡುತ್ತಾರೆ. ಸರಣಿಯ ನಾಲ್ಕನೆಯದು ಆಯ್ಕೆಯಾಗಿ ಮೊದಲ ಮೂರು ಬಿಟ್ಟುಹೋದರೆ, ಹಲ್ಲಿಲ್ಲದವನಿಗೆ ಕಡಲೆ ಸಿಕ್ಕ ಹಾಗೆ. ಹೀಗಿರುವಾಗ ಹತ್ತು ಪುಸ್ತಕದ ಸರಣಿಗೆ ಯಾವ ಪ್ರಕಾಶಕ ಕೈ ಹಾಕುತ್ತಾನೆ?

ಹಾಗಂತ ದಾರಿ ಮುಚ್ಚಿಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಒಳ್ಳೆಯ ಕೆಲಸ. ಆ ಬೆಳಕಿನಲ್ಲಿ ಓದುವುದೇನನ್ನು? ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಗೋಡೆಯ ಪಕ್ಕದಲ್ಲಿ ಒಂದು ಕಪಾಟು ಪೂರ್ತಿ ಕಥಾಸರಣಿಗಳಿಗೆ ಮೀಸಲಿರಲಿ. ಖರೀದಿಸುವಾಗ ಸರಣಿಯನ್ನು ಇಡಿಯಾಗಿ ಖರೀದಿಸಲಿ, ಮೊದಲನೆಯದರಿಂದ ಕೊನೆಯದರವರೆಗೆ. ಪುಸ್ತಕ ಹರಿದರೆ ಹರಿಯಲಿ, ಕೊಳೆಯಾದರೆ ಆಗಲಿ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಹೊಸದಾಗಿಯೇ ಉಳಿದ ಪುಸ್ತಕ ಮೇಷ್ಟರ ಲೆಕ್ಕಕ್ಕೆ ಸರಿಹೋಗಬಹುದು, ಮಗುವಿನ ಲೆಕ್ಕಕ್ಕೆ ಅದು ಇಲ್ಲ. ಖರ್ಚಿನ ನೆಪವನ್ನೂ ಹೇಳಬೇಡಿ. ನಾನು ಕೇಳುತ್ತಿರುವ ಪುಸ್ತಕಕ್ಕೆ ನುಣುಪು ಕಾಗದ ಬೇಡ, ಬಣ್ಣ ಬೇಡ. ಒಂದೇ ಶಾಯಿಯ ಗೆರೆಚಿತ್ರ, ನಾಲ್ಕು ಫಾರಂ, ಪಿನ್ ಹೊಡೆದ ಕಟ್ಟು ಸಾಕು.

ಇನ್ನು ಈ ಪತ್ರಿಕೆ ಓದುವ ನಿಮಗೆ, ಅಂದರೆ ಎಂ.ಎ. ತರಗತಿಯಲ್ಲೋ ಅದರ ಆಸುಪಾಸಿನಲ್ಲೋ ಕೂತು ಮೊದಲ ಕವನ ಸಂಕಲನಕ್ಕೆ ಮುನ್ನುಡಿ ಬರೆಸುವ ಯೋಚನೆಯಲ್ಲಿರುವವರಿಗೆ ಒಂದು ಮಾತು. ಮುನ್ನುಡಿ ಒಂದು ವರ್ಷ ಕಾಯಲಿ. ನಿಮ್ಮ ಊರಿನ ಒಂದು ಮಗುವನ್ನು ಕಥೆಗೆ ಕರೆತನ್ನಿ. ಇಳಕಲ್ಲಿನ ಮಗ್ಗದ ಮನೆಯ ಹುಡುಗಿ ಇರಲಿ, ಮಲ್ಪೆಯ ದೋಣಿಯವರ ಹುಡುಗ ಇರಲಿ, ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗು ಇರಲಿ. ಅದಕ್ಕೆ ಇಬ್ಬರು ಗೆಳೆಯರು, ಒಬ್ಬ ಸಿಡುಕ ಮಾವ, ಚೈನು ಜಾರುವ ಒಂದು ಸೈಕಲ್ ಕೊಡಿ. ಪಾತ್ರಗಳು ನಿಮ್ಮ ಬೀದಿಯವರು ಮಾತಾಡುವ ಹಾಗೆಯೇ ಮಾತಾಡಲಿ; ‘ಹೋಗುತ್ತೇನೆ’ ಬೇಕಿಲ್ಲ, ‘ಹೊಕ್ಕೀನಿ’ ಆದೀತು. ಮೊದಲ ಪುಸ್ತಕದಲ್ಲಿ ಏನೋ ಕಳೆದುಹೋಗಲಿ, ಎರಡನೆಯದರಲ್ಲಿ ಯಾರೋ ಹೊಸಬರು ಬರಲಿ. ಮಾವ ಯಾಕೆ ಸಿಡುಕುತ್ತಾನೆ ಎಂಬುದನ್ನು ಐದನೆಯದರವರೆಗೆ ಹೇಳಬೇಡಿ. ಬರೆದದ್ದನ್ನು ಮೊದಲು ವಿಮರ್ಶಕರಿಗೆ ಕಳಿಸಬೇಡಿ. ಹತ್ತಿರದ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಗೆ ಒಯ್ದು, ಒಂದು ಪ್ರತಿ ಇಟ್ಟು ಬನ್ನಿ. ಒಂದು ವಾರ ಬಿಟ್ಟು ಹೋದಾಗ ಯಾರಾದರೂ ಬಂದು ಎರಡನೆಯದು ಎಲ್ಲಿ ಎಂದು ಕೇಳಿದರೆ, ಮನೆಗೆ ಬಂದು ಮೂರನೆಯದನ್ನು ಬರೆಯಲು ಕೂತುಕೊಳ್ಳಿ.